ಮಳೆ ಬಂದ ಮೇಲೆ ಸತ್ತ ಐದು ಕುರಿ

2023ರ ಸೆಪ್ಟೆಂಬರ್‌ನಲ್ಲಿ ನಮ್ಮ ಸೋದರಮಾವನ ಐದು ಕುರಿ ಒಂದೇ ಬೆಳಿಗ್ಗೆ ಸತ್ತವು. ಬರದಲ್ಲಿ ಸತ್ತಿದ್ದರೆ ಯಾಕೆ ಅಂತ ಯಾರೂ ಕೇಳುತ್ತಿರಲಿಲ್ಲ. ಆದರೆ ಆಗಸ್ಟ್ ತಿಂಗಳು ಪೂರ್ತಿ ಒಣ ಕಡ್ಡಿ ಕಡಿದು ಬದುಕಿದ್ದ ಕುರಿ ಅವು. ಸತ್ತದ್ದು ಮಳೆ ಬಂದು, ಹೊಲ ಹಸಿರಾಗಿ, ಊರವರೆಲ್ಲ ಸದ್ಯ ಉಳಿದೆವು ಅಂದುಕೊಂಡ ಮೇಲೆ.

ಊರಲ್ಲಿ ಅವತ್ತೇ ನಾಲ್ಕು ಕಾರಣ ಹುಟ್ಟಿದವು. ಹಾವು ಕಚ್ಚಿದೆ ಅಂದರು. ಯಾರೋ ಹೊಟ್ಟೆಕಿಚ್ಚಿಗೆ ಎಣ್ಣೆ ಹಾಕಿದ್ದಾರೆ ಅಂದರು. ನಮ್ಮ ಕಡೆ ಎಣ್ಣೆ ಅಂದರೆ ಹೊಲಕ್ಕೆ ಹೊಡೆಯುವ ಔಷಧಿ. ದೃಷ್ಟಿ ಅಂದವರೂ ಇದ್ದರು. ಕರುಳುಬೇನೆ ಅಂದವರು ಸ್ವಲ್ಪ ಹತ್ತಿರ ಬಂದಿದ್ದರು, ಆದರೂ ಅದಲ್ಲ. ನಾನು ಹೈಸ್ಕೂಲಲ್ಲಿ ವಿಜ್ಞಾನ ಹೇಳಿಕೊಡುವವಳು. ಮಳೆಯ ಬಗ್ಗೆ ಪಾಠ ಮಾಡುವಾಗ ಇಲ್ಲಿಯ ತನಕ ಎಷ್ಟು ಮಿಲಿಮೀಟರ್ ಅನ್ನುವುದನ್ನೇ ಹೇಳುತ್ತಾ ಬಂದಿದ್ದೆ. ಆ ಐದು ಕುರಿ ಸತ್ತ ಮೇಲೆ ಪಾಠ ಬದಲಾಯಿಸಿದೆ. ಮಳೆ ಎಷ್ಟು ಬಂತು ಅನ್ನುವುದಕ್ಕಿಂತ, ಎಷ್ಟು ದಿನ ಬಿಟ್ಟು ಬಂತು, ಯಾವ ಮಣ್ಣಿನ ಮೇಲೆ ಬಂತು, ಬಂದಾಗ ಅಲ್ಲಿ ಯಾವ ಗಿಡ ಕಾಯುತ್ತಿತ್ತು ಅಂತ ಕೇಳಬೇಕು. ಈ ಪ್ರಕರಣ ಪೂರ್ತಿ ಅದೇ.

ಜಾಗ

ಕೊಪ್ಪಳ ಜಿಲ್ಲೆ, ಕುಷ್ಟಗಿ ತಾಲ್ಲೂಕು. ಊರಿನ ಬೆನ್ನಿಗೆ ಒಂದು ಕಲ್ಲುಗುಡ್ಡ. ಇಳಕಲ್ ಕಲ್ಲು ಅಂತ ಮಾರುಕಟ್ಟೆಯಲ್ಲಿ ಹೆಸರಾದ ಗ್ರಾನೈಟ್ ಸಿಗುವ ಸೀಮೆ ಇದು. ಗುಡ್ಡದ ಬುಡದಲ್ಲಿ ಕೆಂಪು ಮಸಾರಿ ಹೊಲ. ಅದನ್ನು ದಾಟಿದರೆ ಒಂದು ಹಳ್ಳ, ವರ್ಷದಲ್ಲಿ ಹೆಚ್ಚು ದಿನ ಬರೀ ಮರಳು. ಹಳ್ಳದಾಚೆ ಎರೆ ಹೊಲ. ಗುಡ್ಡದ ಮೇಲಿಂದ ನಿಂತು ನೋಡಿದರೆ ಕೆಂಪು ಎಲ್ಲಿ ಮುಗಿದು ಕಪ್ಪು ಎಲ್ಲಿ ಶುರುವಾಯಿತು ಅಂತ ಗೆರೆ ಎಳೆದಂತೆ ಕಾಣುತ್ತದೆ.

ಇದು ಮರುಭೂಮಿ ಅಲ್ಲ. ಜೈಸಲ್ಮೇರ್‌ನಲ್ಲಿ ವರ್ಷಕ್ಕೆ 200 ಮಿ.ಮೀ. ಮಳೆಯೂ ಇಲ್ಲ. ಬಳ್ಳಾರಿ, ರಾಯಚೂರು, ಕೊಪ್ಪಳದಲ್ಲಿ ಸರಾಸರಿ 500ರಿಂದ 650 ಮಿ.ಮೀ. ತನಕ ಬೀಳುತ್ತದೆ. ಪಶ್ಚಿಮ ಘಟ್ಟ ಮೋಡದ ನೀರನ್ನೆಲ್ಲ ಆಚೆಗೇ ಇಳಿಸಿಕೊಂಡು ನಮಗೆ ಗಾಳಿ ಕಳಿಸುತ್ತದೆ, ಅಷ್ಟೇ. ಆದರೂ ಮರುಭೂಮಿ ತೀರಾ ದೂರದ ಮಾತೂ ಅಲ್ಲ. ದೇಶದ ಬಿಸಿ ಒಣವಲಯದ ದೊಡ್ಡ ಪಾಲು ರಾಜಸ್ಥಾನದಲ್ಲಿದ್ದರೆ, ಒಂದು ಸಣ್ಣ ತುಂಡು ಕರ್ನಾಟಕದ ಈ ಭಾಗದಲ್ಲೂ ಬೀಳುತ್ತದೆ. ಬಳ್ಳಾರಿಯಿಂದ ಆಂಧ್ರದ ಗಡಿ ದಾಟಿ ಬೊಮ್ಮನಹಾಳ, ಕಣೇಕಲ್ ಕಡೆ ಹೋದರೆ ಹಗರಿ ಹೊಳೆಯ ಮರಳು ಗಾಳಿಗೆ ಎದ್ದು ದಿಬ್ಬವಾಗಿ ಹೊಲದ ಮೇಲೆ ಕೂತಿರುವುದನ್ನು ಕಣ್ಣಾರೆ ನೋಡಬಹುದು.

ಸರಾಸರಿ ಅಂದೆ. ನಮ್ಮ ಕಡೆ ಸರಾಸರಿ ಅಂದರೆ ಯಾವ ವರ್ಷವೂ ಬಾರದ ಮಳೆ. ಮಳೆ ಕಮ್ಮಿ ಇರುವ ಸೀಮೆಯಲ್ಲೇ ಅದರ ಏರಿಳಿತ ಜಾಸ್ತಿ. ಮಲೆನಾಡಿನಲ್ಲಿ ಎರಡು ದೊಡ್ಡ ಮಳೆ ತಪ್ಪಿದರೆ ಲೆಕ್ಕಕ್ಕೆ ಬರುವುದಿಲ್ಲ. ಇಲ್ಲಿ ಎರಡು ದೊಡ್ಡ ಮಳೆ ಅಂದರೆ ವರ್ಷದ ಪಾಲಿನಲ್ಲಿ ದೊಡ್ಡ ತುಂಡು. 2009 ನೆನಪಿದೆಯಾ? ದೇಶದಲ್ಲಿ ಮುಂಗಾರು ಶೇ. 20ಕ್ಕಿಂತ ಜಾಸ್ತಿ ಕೈಕೊಟ್ಟ ವರ್ಷ. ಅದೇ ವರ್ಷ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ಎರಡು ದಿನದಲ್ಲಿ ರಾಯಚೂರು, ಬಳ್ಳಾರಿ, ಕೊಪ್ಪಳದ ಹಳ್ಳಿಗಳು ನೆರೆಗೆ ಮುಳುಗಿದವು. ಬರ ಅಂತ ಬರೆದುಕೊಂಡ ಪುಟದ ಮೇಲೆಯೇ ನೆರೆ ಅಂತ ಬರೆಯಬೇಕಾಯಿತು.

ಆ ಮಳೆಗಿಂತ ಮೊದಲು

2023ರಲ್ಲಿ ಎಲ್‌ ನಿನೋ, ಅಂದರೆ ಪೆಸಿಫಿಕ್ ಸಾಗರದ ನೀರು ಬಿಸಿಯಾಗಿ ನಮ್ಮ ಮುಂಗಾರನ್ನು ಹಲವು ಸಲ ಕುಗ್ಗಿಸುವ ಸ್ಥಿತಿ, ಇತ್ತು. ಮುಂಗಾರು ತಡವಾಗಿ ಬಂತು. ಜುಲೈನಲ್ಲಿ ಸ್ವಲ್ಪ ಹದ ಸಿಕ್ಕಿತು ಅಂತ ಜನ ಬಿತ್ತಿದರು. ಮಸಾರಿಯಲ್ಲಿ ಒಬ್ಬರು ಸಜ್ಜೆ, ಪಕ್ಕದವರು ಜೋಳ. ಎರಡರ ನಡುವೆ ಒಂದೇ ಬದು. ಈ ಬದುವನ್ನು ನೆನಪಿಟ್ಟುಕೊಳ್ಳಿ.

ಆಮೇಲೆ ಆಗಸ್ಟ್. ಇಡೀ ದೇಶಕ್ಕೆ 1901ರಿಂದ ಈಚೆಗೆ ಅಷ್ಟು ಒಣ ಆಗಸ್ಟ್ ಬಂದಿರಲಿಲ್ಲ. ಮುಂದೆ ಸರ್ಕಾರ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಅಂತ ಘೋಷಿಸಿತು. 'ಮಘೆ ಮಳೆ ಬಂದಷ್ಟು ಒಳ್ಳೇದು, ಮನೆ ಮಗ ಉಂಡಷ್ಟು ಒಳ್ಳೇದು' ಅಂತ ಗಾದೆ. ಆ ವರ್ಷ ಮಗ ಉಪವಾಸ.

ಮಳೆ ಬರಲೇ ಇಲ್ಲ ಅಂತಲ್ಲ. ನಡುವೆ ಎರಡು ಸಲ ಧೂಳು ಅಡಗುವಷ್ಟು ಹನಿ ಬಿತ್ತು. ಹವಾಮಾನ ಇಲಾಖೆಯ ಲೆಕ್ಕದಲ್ಲಿ 2.5 ಮಿ.ಮೀ. ಬಿದ್ದರೆ ಅದು ಮಳೆಯ ದಿನ. ಗಿಡದ ಲೆಕ್ಕ ಬೇರೆ. ನಮ್ಮ ಬಿಸಿಲಿಗೆ, ಗಾಳಿಗೆ ದಿನಕ್ಕೆ ಐದಾರು ಮಿ.ಮೀ. ನೀರು ಆವಿಯಾಗಬಲ್ಲದು. ಅಂಥ ಹನಿ ಸಂಜೆ ಬಿದ್ದು ಮಾರನೇ ದಿನ ಮಧ್ಯಾಹ್ನಕ್ಕೆ ಇರುವುದಿಲ್ಲ. ಬೇರಿನ ತನಕ ಇಳಿಯುವುದೇ ಇಲ್ಲ. ಮೇಲ್ಮಣ್ಣಿನ ಸೂಕ್ಷ್ಮಜೀವಿಗಳು ಮಾತ್ರ ಅಷ್ಟಕ್ಕೇ ಎದ್ದು ಕೂರುತ್ತವೆ, ಉಸಿರಾಡುತ್ತವೆ, ಕೂಡಿಟ್ಟದ್ದನ್ನು ಸುಡುತ್ತವೆ, ಮತ್ತೆ ಒಣಗುತ್ತವೆ.

ಇಂಥ ಸಣ್ಣ ಮಳೆ ಸುಮ್ನೆ ಪ್ರಯೋಜನವಿಲ್ಲದ ಮಳೆ ಅಂದುಕೊಂಡಿದ್ದೆ. ಅದಕ್ಕಿಂತ ಕೆಟ್ಟದ್ದೂ ಆಗಬಹುದು. ಅಮೆರಿಕದ ಕೊಲರಾಡೊ ಪ್ರಸ್ಥಭೂಮಿಯಲ್ಲಿ ಮರುಭೂಮಿಯ ಮಣ್ಣಿನ ಮೇಲೆ ಬೆಳೆಯುವ ಒಂದು ಜಾತಿ ಹಾವಸೆಗೆ ಬೇಸಿಗೆಯಲ್ಲಿ 1.2 ಮಿ.ಮೀ.ನಷ್ಟು ನೀರನ್ನು ಪದೇಪದೇ ಚಿಮುಕಿಸಿ ನೋಡಿದರು. 2012ರಲ್ಲಿ ಪ್ರಕಟವಾದ ಕೆಲಸ ಅದು. ಹಾವಸೆ ಬೆಳೆಯಲಿಲ್ಲ, ಸತ್ತಿತು. ಪ್ರತಿ ಸಲ ನೆನೆದಾಗ ಎದ್ದೇಳುವ ಖರ್ಚು ಇದೆ. ಬಿಸಿಲಿನಲ್ಲಿ ಆಹಾರ ಮಾಡಿಕೊಂಡು ಆ ಖರ್ಚು ತುಂಬಿಕೊಳ್ಳುವಷ್ಟರಲ್ಲಿ ನೀರು ಆರಿರುತ್ತದೆ. ಕೈಯಿಂದ ಹಾಕಿ ಹಾಕಿ ಸಾಲ ಆದ ಅಂಗಡಿಯಂತೆ.

ಆಗಸ್ಟ್ ಮೂರನೇ ವಾರಕ್ಕೆ ಜೋಳದ ಹೊಲದವರು ಕೈಚೆಲ್ಲಿದರು. ಮೊಣಕಾಲೆತ್ತರಕ್ಕೆ ಬಂದು ನಿಂತ ಪೈರು, ಎಲೆ ಸುರುಳಿ ಸುತ್ತಿಕೊಂಡಿತ್ತು. "ತೆನಿ ಏನ್ ಬರಂಗಿಲ್ಲ, ಕುರಿನರ ಹೊಡ್ಕೊರಿ" ಅಂತ ಮಾವನಿಗೆ ಹೇಳಿದರು. ಅದು ನಮ್ಮ ಕಡೆಯ ರೂಢಿ. ಕೆಟ್ಟ ಬೆಳೆ ಕುರಿಗೆ, ಕುರಿ ಹಿಕ್ಕೆ ಹೊಲಕ್ಕೆ. ಆದರೆ ಮಾವ ಹಸಿ ಜೋಳಕ್ಕೆ ಕುರಿ ಬಿಡಲಿಲ್ಲ. ಕೊಯ್ದು, ಎರಡು ವಾರ ಬಿಸಿಲಿಗೆ ಹರವಿ, ಒಣಗಿಸಿ, ಆಮೇಲೆ ಹಾಕಿದರು. ಯಾಕೆ ಅಂತ ಕೇಳಿದ್ದಕ್ಕೆ "ಬಾಡಿದ ಜ್ವಾಳ ನಂಜು, ಯವ್ವಾ" ಅಂದರು. ಅಷ್ಟೇ. ನಾನೂ ಮುಂದೆ ಕೇಳಲಿಲ್ಲ. ಹೊಲದಲ್ಲಿ ಕೂಳೆ, ಅಂದರೆ ಕೊಯ್ದ ಮೇಲೆ ಉಳಿದ ಬುಡ, ಹಾಗೇ ಉಳಿಯಿತು.

ಹುಬ್ಬಿ ಮಳೆ

ಸೆಪ್ಟೆಂಬರ್ ಮೊದಲ ವಾರ, ಹುಬ್ಬಿ ಮಳೆ ಕೂಡಿದ ಮೇಲೆ, ಒಂದು ಸಂಜೆ ಗುಡ್ಡದ ಹಿಂದೆ ಕಪ್ಪಾಯಿತು. ಒಂದೂವರೆ ತಾಸು ಹೊಡೆಯಿತು. ಅಂಗಳದಲ್ಲಿ ಮರೆತಿದ್ದ ಪೇಂಟ್ ಡಬ್ಬದಲ್ಲಿ ಎರಡು ಬೆರಳು ನೀರು ನಿಂತಿತ್ತು. ಹಳ್ಳ ರಾತ್ರಿಯಿಡೀ ಸದ್ದು ಮಾಡಿತು, ಬೆಳಿಗ್ಗೆ ಮತ್ತೆ ಮರಳು.

ಮಾರನೇ ದಿನ ರವಿವಾರ. ಮಾವ, ನಾನು ಸಲಿಕೆ ಹಿಡಿದು ಹೋದೆವು. ಮಾವ ಪ್ರತಿ ದೊಡ್ಡ ಮಳೆಗೂ ಹೀಗೆ ಹೋಗಿ ಅಗೆದು ನೋಡುತ್ತಾರೆ. ಮಸಾರಿಯಲ್ಲಿ ಮಣ್ಣು ಒಂದೂವರೆ ಗೇಣು ಆಳದ ತನಕ ಹಸಿ. ಅಲ್ಲಿಂದ ಕೆಳಗೆ ಬೂದಿಯಂತೆ ಒಣ. ಹಸಿ, ಒಣ ನಡುವಿನ ಗೆರೆ ಬೆರಳಿಟ್ಟು ತೋರಿಸುವಷ್ಟು ಸ್ಪಷ್ಟ. ಹಳ್ಳ ದಾಟಿ ಎರೆಯಲ್ಲಿ ಅಗೆದರೆ ಚಿತ್ರ ಬೇರೆ. ಮೇಲೆ ಒಂದು ಗೇಣೂ ನೆನೆದಿಲ್ಲ. ಅದರ ಕೆಳಗೆ ಒಣ ಹೆಂಟೆ. ಮಾವ ಸಲಿಕೆಯನ್ನು ಬಿರುಕಿನ ಪಕ್ಕಕ್ಕೆ ಹಾಕಿ ಮತ್ತೆ ಅಗೆದರು. ಅಲ್ಲಿ ಮೊಳದ ಆಳದಲ್ಲಿ ಮಣ್ಣು ಮತ್ತೆ ಹಸಿ, ಕೈಗೆ ಮೇಣದಂತೆ ಅಂಟಿತು.

"ಮ್ಯಾಲ ಕುಡಿದಿಲ್ಲ, ಸೀಳಿನಾಗ ಕುಡದೈತಿ" ಅಂದರು.

ಎರೆಮಣ್ಣಿನ ಜೇಡಿ ಒಣಗಿದಾಗ ಕುಗ್ಗಿ ಬಾಯಿ ಬಿಡುತ್ತದೆ, ನೆನೆದಾಗ ಉಬ್ಬಿ ಮುಚ್ಚಿಕೊಳ್ಳುತ್ತದೆ. ಮೊದಲ ಜೋರು ಮಳೆ ಬಿರುಕಿನಲ್ಲಿ ಇಳಿದು ತಳ ಸೇರುತ್ತದೆ. ಬಾಯಿ ಮುಚ್ಚಿದ ಮೇಲೆ ಬಂದದ್ದು ಹರಿದು ಹಳ್ಳಕ್ಕೆ. ಒರಟು ಲೆಕ್ಕ ಹೇಳಬೇಕಂದರೆ 10 ಮಿ.ಮೀ. ಮಳೆ ಮರಳು ಮಿಶ್ರ ಮಣ್ಣಿನಲ್ಲಿ ಸುಮಾರು 10 ಸೆಂ.ಮೀ. ಇಳಿಯುತ್ತದೆ, ಜೇಡಿಯಲ್ಲಿ ಅದರ ಅರ್ಧ. ಜೇಡಿ ಕುಡಿದದ್ದನ್ನು ಹಿಡಿದಿಡುತ್ತದೆ. ಅದಕ್ಕೇ ಎರೆಯಲ್ಲಿ ಹಿಂಗಾರಿ ಬಿಳಿಜೋಳ, ಕಡ್ಲಿ, ಕುಸುಬಿ ಆಮೇಲೆ ಒಂದು ಹನಿ ಇಲ್ಲದಿದ್ದರೂ ಮಣ್ಣಿನ ತೇವದಲ್ಲೇ ಬರುತ್ತವೆ. ಮಸಾರಿ ಬೇಗ ಕೊಡುತ್ತದೆ, ಬೇಗ ಖಾಲಿ ಮಾಡುತ್ತದೆ. ಮಳೆ ತೀರಾ ಕಮ್ಮಿ ಇರುವ ಕಡೆ ಈ ಲೆಕ್ಕ ತಲೆಕೆಳಗಾಗುತ್ತದೆ. ಅಲ್ಲಿ ಜೇಡಿಯ ಮೇಲ್ಪದರದಲ್ಲೇ ನಿಂತ ನೀರು ಬಿಸಿಲಿಗೆ ಹೋಗುತ್ತದೆ, ಮರಳಿನಲ್ಲಿ ಆಳಕ್ಕೆ ಇಳಿದ ನೀರು ಉಳಿಯುತ್ತದೆ. ಮರುಭೂಮಿಯಲ್ಲಿ ಮರಳೇ ಪುಣ್ಯವಂತ ಮಣ್ಣು. ನಮ್ಮ ಸೀಮೆ ಒಳ್ಳೆ ವರ್ಷ ಒಂದು ಕಡೆಗೆ, ಕೆಟ್ಟ ವರ್ಷ ಇನ್ನೊಂದು ಕಡೆಗೆ ವಾಲುತ್ತದೆ.

ಏನೇನು ಎದ್ದಿತು

ಮಳೆಯಾದ ರಾತ್ರಿಯೇ ಕಪ್ಪೆ. ಇಷ್ಟು ದಿನ ಎಲ್ಲಿದ್ದವು? ಮಣ್ಣೊಳಗೆ. ನಮ್ಮ ಕಡೆ ಹಿಂಗಾಲಿನಿಂದ ಮಣ್ಣು ತೋಡಿಕೊಂಡು ಇಳಿಯುವ ದಪ್ಪನೆಯ ಬಿಲಗಪ್ಪೆ ಇದೆ. ಹೊಂಡದ ನೀರು ಆರುವ ಮೊದಲೇ ಅದರ ಮರಿಗಳು ಬೆಳೆಯಬೇಕು, ಅದಕ್ಕೇ ಅಷ್ಟು ಅವಸರದ ಕೂಗು. ಮರುದಿನ ಸಂಜೆ ದೀಪದ ಸುತ್ತ ಈಸಲು. ಗೆದ್ದಲು ಹುತ್ತದಲ್ಲಿ ರೆಕ್ಕೆ ಬಂದವು ಮೊದಲೇ ತಯಾರಾಗಿ ಕೂತಿರುತ್ತವೆ, ಅಪ್ಪಣೆ ಕೊಡುವುದು ಮಳೆ. ಮಸಾರಿಯಲ್ಲಿ ಕೆಂಪು ಮಖಮಲ್ಲಿನಂಥ ಪುಟ್ಟ ಹುಳ ಹರಿದಾಡಿದವು. ಗಡಿಯ ತೆಲುಗಿನವರು ಆರುದ್ರ ಪುರುಗು ಅನ್ನುವುದು ಇದಕ್ಕೇ. ಆರಿದ್ರೆಯಲ್ಲಿ ಬರಬೇಕಾದದ್ದು ಆ ವರ್ಷ ಹುಬ್ಬಿಯಲ್ಲಿ ಬಂತು.

ನಾಲ್ಕನೇ ದಿನಕ್ಕೆ ಗುಡ್ಡದ ಬುಡ ಹಸಿರು. ಹತ್ತಿರ ಹೋಗಿ ನೋಡಿದರೆ ಹುಲ್ಲಲ್ಲ, ಎಲ್ಲ ಮೊಳಕೆ. ನೆಗ್ಗಿಲು, ತುಂಬೆ, ಇನ್ನೂ ಹೆಸರು ತಿಳಿಯದ ಹತ್ತಾರು. ಆಗಸ್ಟ್‌ನ ಎರಡು ಹನಿಮಳೆಗೆ ಇವು ಅಲುಗಾಡಿರಲಿಲ್ಲ. ಅಮೆರಿಕದ ಮೊಹಾವೆ ಮರುಭೂಮಿಯಲ್ಲಿ ಸಸ್ಯವಿಜ್ಞಾನಿ ಫ್ರಿಟ್ಸ್ ವೆಂಟ್ 1940ರ ದಶಕದಲ್ಲೇ ಇದನ್ನು ಗಮನಿಸಿದ್ದರು. ಒಂದೇ ಸಲಕ್ಕೆ ಸುಮಾರು 25 ಮಿ.ಮೀ. ಬೀಳದಿದ್ದರೆ ಅಲ್ಲಿನ ಅನೇಕ ಬೀಜ ಮೊಳೆಯುವುದಿಲ್ಲ. ಕೆಲವು ಬೀಜದ ಸಿಪ್ಪೆಯಲ್ಲಿ ಮೊಳಕೆ ತಡೆಯುವ ರಸ ಇರುತ್ತದೆ. ಅದು ತೊಳೆದುಹೋಗುವಷ್ಟು ನೀರು ಬೇಕು. ಬೀಜದೊಳಗೇ ಒಂದು ಮಳೆಮಾಪಕ ಇದ್ದಂತೆ.

ಇನ್ನೂ ಜಾಣತನ ಅಂದರೆ, ಒಳ್ಳೆ ಮಳೆಗೂ ಎಲ್ಲ ಬೀಜ ಏಳುವುದಿಲ್ಲ. ಒಂದು ಪಾಲು ಮಣ್ಣಲ್ಲೇ ಮಲಗಿರುತ್ತದೆ. ಎಲ್ಲವೂ ಎದ್ದು, ಆಮೇಲೆ ಮಳೆ ಕೈಕೊಟ್ಟರೆ ವಂಶವೇ ಹೋಯಿತಲ್ಲ. ಡಾನ್ ಕೋಹೆನ್ 1966ರಲ್ಲಿ ಇದನ್ನು ಗಣಿತದಲ್ಲಿ ತೋರಿಸಿದರು. ಒಳ್ಳೆ ವರ್ಷದ ಲಾಭ ಸ್ವಲ್ಪ ಬಿಟ್ಟುಕೊಟ್ಟು ಕೆಟ್ಟ ವರ್ಷದಲ್ಲಿ ಪೂರ್ತಿ ಮುಳುಗದೆ ಉಳಿಯುವುದು. ನಮ್ಮ ಮಾವ ಕೋಹೆನ್ ಹೆಸರು ಕೇಳಿಲ್ಲ. ಆದರೆ ಹಿಂಡಿನ ಒಂದು ಪಾಲು ಯಾವಾಗಲೂ ಗಂಗಾವತಿ ಕಡೆ ನೀರಾವರಿ ಊರಲ್ಲಿರುವ ಬೀಗರ ಹತ್ತಿರ ಇರುತ್ತದೆ. ಅಕ್ಕಡಿ ಸಾಲಿನಲ್ಲಿ ನಾಲ್ಕು ಥರದ ಕಾಳು ಬಿತ್ತುವವರದೂ ಅದೇ ಲೆಕ್ಕ.

ಮಳೆಯಾದ ಮೇಲೆ ಬಂದ ಆ ಹಸಿರು ಮಾಮೂಲಿ ಹಸಿರಲ್ಲ, ಕಡು ಹಸಿರು. ಅದಕ್ಕೂ ಕಾರಣ ಉಂಟು. ಬಹಳ ದಿನ ಒಣಗಿದ ಮಣ್ಣು ಒಮ್ಮೆಲೇ ನೆನೆದಾಗ ಸೂಕ್ಷ್ಮಜೀವಿಗಳ ಕೆಲಸ ಏರಿ ಸಾರಜನಕ ಗಿಡಕ್ಕೆ ಸಿಗುವ ರೂಪಕ್ಕೆ ಬರುತ್ತದೆ. ಕೀನ್ಯಾದ ಮಣ್ಣು ನೋಡಿ ಎಚ್.ಎಫ್. ಬರ್ಚ್ 1950ರ ದಶಕದಲ್ಲಿ ಇದನ್ನು ಬರೆದರು. ಒಣ ಅಂತರ ಉದ್ದವಿದ್ದಷ್ಟೂ ಈ ಉಕ್ಕು ಜೋರು. ಅಂದರೆ ಬರ ಬರೀ ಕಿತ್ತುಕೊಳ್ಳುವುದಿಲ್ಲ, ಮುಂದಿನ ಮಳೆಗೆ ಅಂತ ಮಣ್ಣಲ್ಲಿ ಗೊಬ್ಬರವನ್ನೂ ಕೂಡಿಡುತ್ತದೆ.

ಈಗ ಜೋಳದ ಕೂಳೆಯ ಮಾತು. ಅದೂ ಈ ಉಕ್ಕಿನಲ್ಲೇ ಎದ್ದಿತು. ಬೇರು ಮೊದಲೇ ಇತ್ತು, ಬೀಜದಿಂದ ಶುರು ಮಾಡುವ ಕೆಲಸ ಇಲ್ಲ. ಎಂಟು ಹತ್ತು ದಿನಕ್ಕೆ ಗೇಣುದ್ದ ಕುಡಿ. ಸುತ್ತಮುತ್ತ ಅಷ್ಟು ಎಳೆಯ, ಅಷ್ಟು ದಟ್ಟ ಮೇವು ಬೇರೆ ಇರಲಿಲ್ಲ.

ಆ ಬೆಳಿಗ್ಗೆ

ಮಾವ ಅವತ್ತು ಆಸ್ಪತ್ರೆಯ ಕೆಲಸಕ್ಕೆ ಕೊಪ್ಪಳಕ್ಕೆ ಹೋಗಿದ್ದರು. ಹಿಂಡು ಹೊಡೆದದ್ದು ಅವರ ಮಗ, ಹದಿನಾರರ ಹುಡುಗ. ಸಜ್ಜೆ ಹೊಲದವರೂ ಅಷ್ಟೊತ್ತಿಗೆ ಬೆಳೆಯ ಆಸೆ ಬಿಟ್ಟಿದ್ದರು, ಹಿಂದಿನ ದಿನ ಮಾವನೇ ಅಲ್ಲಿ ಕುರಿ ಮೇಯಿಸಿದ್ದರು, ಏನೂ ಆಗಿರಲಿಲ್ಲ. ಹುಡುಗ ಅದನ್ನೇ ನೆನಪಿಟ್ಟುಕೊಂಡು ಬೆಳಿಗ್ಗೆ ಸಜ್ಜೆಗೆ ಬಿಟ್ಟ. ಬದುವಿನ ಆಚೆ ಜೋಳದ ಕುಡಿ ಕಂಡು ಮುಂದಿನ ಹತ್ತು ಹದಿನೈದು ಕುರಿ ದಾಟಿದವು. ರಾತ್ರಿಯಿಂದ ಹಸಿದಿದ್ದವು, ಗಬಗಬ ತಿಂದವು.

ಕಾಲು ಗಂಟೆ ಆಗಿರಬೇಕು. ಒಂದು ಕುರಿ ನಿಂತಲ್ಲೇ ತೂರಾಡಿತು. ಬಾಯಿ ತೆರೆದು ಉಸಿರು ಎಳೆಯಿತು, ನೊರೆ ಬಂತು, ಕಾಲು ಸೆಟೆದು ಬಿದ್ದಿತು. ಹುಡುಗ ಅದನ್ನು ಎತ್ತುವಷ್ಟರಲ್ಲಿ ಇನ್ನೆರಡು. ಅವನು ಕೂಗಿಕೊಂಡದ್ದು ಊರ ತನಕ ಕೇಳಿತು. ನಾನು ಓಡಿ ಹೋಗುವಾಗ ನಾಲ್ಕು ಬಿದ್ದಿದ್ದವು. ಅವನು ಅಳುತ್ತ ಒಂದು ಮರಿಯ ಬಾಯಿಗೆ ಹುಣಸೆ ನೀರು ಹಾಕುತ್ತಿದ್ದ. ಅದು ನುಂಗುತ್ತಿರಲಿಲ್ಲ.

ಪಶುವೈದ್ಯರು ಬೈಕಿನಲ್ಲಿ ಬಂದರು. ಬಂದವರೇ ಮೊದಲು ಬಿದ್ದ ಕುರಿಯ ಕಣ್ಣುರೆಪ್ಪೆ ಮಗುಚಿ ನೋಡಿದರು. ಉಸಿರು ಸಿಗದೆ ಸತ್ತ ಪ್ರಾಣಿಯ ರಕ್ತ ಕಪ್ಪಿಟ್ಟಿರಬೇಕು. ಇದು ಕುಂಕುಮದಂತೆ ಕೆಂಪಿತ್ತು. "ಕುಡಿ ಜೋಳ ತಿಂದಾವೇನ್ರಿ?" ಅಂದರು. ತೂರಾಡುತ್ತಿದ್ದ ಉಳಿದ ಕುರಿಗಳಿಗೆ ಎರಡು ಥರದ ಇಂಜೆಕ್ಷನ್ ಕೊಟ್ಟರು. ಸೋಡಿಯಂ ನೈಟ್ರೈಟ್ ಒಂದು, ಥಯೋಸಲ್ಫೇಟ್ ಇನ್ನೊಂದು. ಒಂದು ಉಳಿಯಲಿಲ್ಲ, ಬಾಕಿಯವು ಮಧ್ಯಾಹ್ನಕ್ಕೆ ಎದ್ದು ನಿಂತವು.

ನಡೆದದ್ದು ಇಷ್ಟು. ಜೋಳದ ಗಿಡದಲ್ಲಿ ಧುರಿನ್ ಅನ್ನುವ ವಸ್ತು ಇರುತ್ತದೆ. ಎಲೆ ಹರಿದು, ಜಗಿದಾಗ ಗಿಡದ್ದೇ ಕಿಣ್ವ ಅದಕ್ಕೆ ತಾಗಿ ಸಯನೈಡ್ ಹೊರಬರುತ್ತದೆ. ಸಯನೈಡ್ ಜೀವಕೋಶಗಳು ಆಮ್ಲಜನಕ ಬಳಸದಂತೆ ತಡೆಯುತ್ತದೆ. ರಕ್ತದಲ್ಲಿ ಆಮ್ಲಜನಕ ಇರುತ್ತದೆ, ಇಳಿಸಿಕೊಳ್ಳುವವರಿಲ್ಲ. ಅದಕ್ಕೇ ಆ ಕೆಂಪು. ಬೆಳೆದು ತೆನೆ ಬಂದ ಜೋಳದಲ್ಲಿ ಧುರಿನ್ ಕಮ್ಮಿ. ಎಳೆ ಗಿಡದಲ್ಲಿ ಜಾಸ್ತಿ. ಬರಕ್ಕೆ ಕುಗ್ಗಿದ ಗಿಡದಲ್ಲಿ ಇನ್ನೂ ಜಾಸ್ತಿ. ಬರದ ಅಂತರ ಮುಗಿದು, ಸಾರಜನಕ ಹೇರಳವಾಗಿ ಸಿಕ್ಕು, ಕೂಳೆಯಿಂದ ಒಡೆದ ಕುಡಿಯಲ್ಲಿ ಎಲ್ಲಕ್ಕಿಂತ ಅಪಾಯ. ಕೊಯ್ದು ಚೆನ್ನಾಗಿ ಒಣಗಿಸಿದರೆ ವಿಷ ಬಹಳಷ್ಟು ಇಳಿಯುತ್ತದೆ. ಮಾವ ಆಗಸ್ಟ್‌ನಲ್ಲಿ ಮಾಡಿದ್ದು ಅದನ್ನೇ. ಬದುವಿನ ಈಚೆಗಿದ್ದ ಸಜ್ಜೆಯಲ್ಲಿ ಧುರಿನ್ ಇಲ್ಲವೇ ಇಲ್ಲ.

ಕರುಳುಬೇನೆ ಯಾಕಲ್ಲ? ಅದೂ ಹೊಸ ಹಸಿರು ಅತಿಯಾಗಿ ತಿಂದಾಗ ಬರುವ ಕಾಯಿಲೆಯೇ. ಆದರೆ ಮುಂಗಾರಿಗೆ ಮೊದಲು ಲಸಿಕೆ ಆಗಿತ್ತು. ಮೇಲಾಗಿ ಬದು ದಾಟಿದ ಕುರಿಗಳಷ್ಟೇ ಬಿದ್ದವು, ಸಜ್ಜೆಯಲ್ಲೇ ಉಳಿದ ಒಂದೂ ಬೀಳಲಿಲ್ಲ. ಹಾವಾಗಲಿ, ಎಣ್ಣೆಯಾಗಲಿ ಬದು ನೋಡಿ ಆರಿಸುವುದಿಲ್ಲ.

ಜುಲೈನಿಂದ ಸೆಪ್ಟೆಂಬರ್ ತನಕ ಬಂದ ಅಷ್ಟೇ ಮಳೆ ಹದಿನೈದು ದಿನಕ್ಕೊಮ್ಮೆ ಹಂಚಿ ಬಂದಿದ್ದರೆ? ಜೋಳ ಕುಗ್ಗುತ್ತಿರಲಿಲ್ಲ, ಯಾರೂ ಕೊಯ್ಯುತ್ತಿರಲಿಲ್ಲ, ಕೂಳೆ ಇರುತ್ತಿರಲಿಲ್ಲ, ಕುಡಿಯೂ ಇಲ್ಲ. ತಾಲ್ಲೂಕಿನ ಮಳೆಪಟ್ಟಿಯಲ್ಲಿ ಮಾತ್ರ ಎರಡೂ ಒಂದೇ ಅಂಕಿ.

ಗುಡ್ಡ ಹೇಳಿದ್ದು

ಹುಡುಗನನ್ನು ಮಾವ ಬೈಯಲಿಲ್ಲ. ಎರಡು ದಿನ ಮಾತೇ ಆಡಲಿಲ್ಲ. ಆಮೇಲೆ "ನಾ ಅವಗ ಹೇಳಿದ್ದಿಲ್ಲ" ಅಂದರು, ಅಷ್ಟೇ. ನನಗೆ ಅದು ಚುಚ್ಚಿತು. ನಾನೂ ಆಗಸ್ಟ್‌ನಲ್ಲಿ ಕೇಳಿ ಅರ್ಧಕ್ಕೇ ಬಿಟ್ಟವಳಲ್ವಾ.

ಆಮೇಲೆ ನಾನು ಓದಲು ಶುರು ಮಾಡಿದೆ. ಇಸ್ರೇಲಿನ ಇಮ್ಯಾನುಯೆಲ್ ನಾಯ್-ಮೇರ್ 1973ರಲ್ಲಿ ಮರುಭೂಮಿಯನ್ನು ನೋಡುವ ಬಗೆಯನ್ನೇ ಬದಲಿಸಿದ ಲೇಖನ ಬರೆದರು. ಅವರ ಪ್ರಕಾರ ಮರುಭೂಮಿಯ ಗುರುತು ನೀರು ಕಮ್ಮಿ ಅನ್ನುವುದಷ್ಟೇ ಅಲ್ಲ, ನೀರು ಅಪರೂಪಕ್ಕೆ, ಬಿಡಿಬಿಡಿಯಾಗಿ, ಹೇಳದೆ ಕೇಳದೆ ಬರುತ್ತದೆ ಅನ್ನುವುದು. ಒಂದು ಮಳೆ ಒಂದು ಬಡಿತ. ಆ ಬಡಿತಕ್ಕೆ ಜೀವ ಎದ್ದು, ಓಡಾಡಿ, ಸಿಕ್ಕಿದ್ದನ್ನು ಬೀಜವಾಗಿಯೋ ಗೆಡ್ಡೆಯಾಗಿಯೋ ಕೊಬ್ಬಾಗಿಯೋ ಕೂಡಿಟ್ಟು ಮತ್ತೆ ಮಲಗುತ್ತದೆ. ನಮ್ಮ ಗುಡ್ಡದ ಬುಡದಲ್ಲಿ ನಾನು ಹತ್ತು ದಿನ ನೋಡಿದ್ದು ಅದೇ.

ಇನ್ನೊಂದು ಪ್ರಯೋಗ ನನಗೆ ಬಹಳ ಇಷ್ಟವಾಯಿತು. ಕ್ಯಾನ್ಸಸ್‌ನ ಕೊನ್ಜಾ ಹುಲ್ಲುಗಾವಲಿನಲ್ಲಿ ಅಲನ್ ನ್ಯಾಪ್ ಮತ್ತು ಜೊತೆಗಾರರು ಹುಲ್ಲಿನ ಮೇಲೆ ಸೂರು ಕಟ್ಟಿ, ಬಿದ್ದ ಮಳೆಯನ್ನು ಹಿಡಿದು, ಒಟ್ಟು ನೀರು ಅಷ್ಟೇ ಇಟ್ಟು ನಡುವಿನ ಅಂತರ ಮಾತ್ರ ಉದ್ದ ಮಾಡಿದರು. 2002ರಲ್ಲಿ ಬಂದ ಫಲಿತಾಂಶದಲ್ಲಿ ಹುಲ್ಲು ಕಮ್ಮಿಯಾಗಿತ್ತು. ಆದರೆ ಕೊಲರಾಡೊದ ಒಣ ಗಿಡ್ಡಹುಲ್ಲಿನ ಬಯಲಲ್ಲಿ ಅದೇ ಥರ ಮಾಡಿದಾಗ ಹುಲ್ಲು ಜಾಸ್ತಿಯಾಯಿತು! ಒಣ ಸೀಮೆಯಲ್ಲಿ ಹತ್ತು ಚಿಲ್ಲರೆ ಮಳೆಗಿಂತ ಬೇರಿನ ತನಕ ಇಳಿಯುವ ಮೂರು ಗಟ್ಟಿ ಮಳೆ ಮೇಲು. ಗಾಳಿ ಬಿಸಿಯಾದಷ್ಟೂ, ಒಂದು ಡಿಗ್ರಿಗೆ ಸುಮಾರು ಶೇ. 7ರಷ್ಟು ಜಾಸ್ತಿ ನೀರಾವಿ ಹಿಡಿಯುತ್ತದೆ. ಮಳೆ ಬಂದರೆ ಜೋರು, ನಡುವೆ ಅಂತರ ಉದ್ದ, ಅನ್ನುವ ಕಡೆಗೆ ಲೋಕ ಹೊರಟಿದೆ. ಹಾಗಾದರೆ ಕೊಪ್ಪಳಕ್ಕೆ ಒಳ್ಳೆಯದಾ, ಕೆಟ್ಟದ್ದಾ? ಗುಡ್ಡದ ಹುಲ್ಲಿಗೆ ಒಂದು ಉತ್ತರ, ಮಸಾರಿಯ ಸಜ್ಜೆಗೆ ಇನ್ನೊಂದು, ಎರೆಯ ಕಡ್ಲಿಗೆ ಮತ್ತೊಂದು. ಒಂದೇ ಉತ್ತರ ಹೇಳುವವರನ್ನು ನಾನಂತೂ ನಂಬುವುದಿಲ್ಲ.

ಈ ಏರಿಳಿತದ ಗೊಡವೆಯೇ ಬೇಡ ಅಂತ ಕೂತಿರುವ ಗಿಡ ಒಂದಿದೆ, ಬಳ್ಳಾರಿ ಜಾಲಿ. ಹೆಸರು ನಮ್ಮದು, ಊರು ಅಮೆರಿಕ ಖಂಡ. ಇದರ ಸಂಬಂಧಿ ಗಿಡದ ಬೇರು ಅರಿಜೋನಾದ ಗಣಿಯೊಂದರಲ್ಲಿ ನೆಲದಿಂದ 53 ಮೀಟರ್ ಆಳದಲ್ಲಿ ಸಿಕ್ಕಿತ್ತು. ಮೇಲೆ ಹುಬ್ಬಿ ಬಂದರೇನು, ಬಿಟ್ಟರೇನು. ಹಳ್ಳದ ದಂಡೆ ಪೂರ್ತಿ ಅದೇ ಹಬ್ಬಿದೆ, ಅದರ ಕೆಳಗೆ ಹುಲ್ಲು ಬರುವುದಿಲ್ಲ. ಹುಲ್ಲುಬಯಲು ಹೋದರೆ ಚಿಗರಿ ಹೊಲಕ್ಕೆ ಬರುತ್ತದೆ. ಚಿಗರಿಯ ಹಿಂದೆ ತೋಳ, ತೋಳಕ್ಕೆ ನಮ್ಮ ಕುರಿ. ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ಸುಮಾರು 332 ಹೆಕ್ಟೇರ್ ಕುರುಚಲು ಗುಡ್ಡವನ್ನು ಇತ್ತೀಚೆಗೆ ತೋಳಧಾಮ ಮಾಡಿದ್ದಾರೆ. ಸಿರುಗುಪ್ಪದ ಎರೆ ಬಯಲಲ್ಲಿ ಉಳಿದಿದ್ದ ಬೆರಳೆಣಿಕೆಯ ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿಗೂ ಇಂಥದೇ ಬಯಲು ಬೇಕಿತ್ತು. ಮಳೆಗಾಲದಲ್ಲಿ ಒಂದೇ ಒಂದು ಮೊಟ್ಟೆಯಿಟ್ಟು, ಆ ವರ್ಷದ ಹುಳಹುಪ್ಪಟೆಯ ಮೇಲೆ ಮರಿ ಸಾಕುವ ಹಕ್ಕಿ ಅದು. ಖಾಲಿ ಜಾಗ ಅಂತ ದಾಖಲೆಯಲ್ಲಿ ಬರೆದಿರುವುದು ಇಂಥ ನೆಲಕ್ಕೇ.

2024

ಮುಂದಿನ ವರ್ಷ ಮುಂಗಾರು ಚೆನ್ನಾಗಿತ್ತು, ದೇಶಕ್ಕೆ ಸರಾಸರಿಗಿಂತ ಶೇ. 8ರಷ್ಟು ಜಾಸ್ತಿ. ತುಂಗಭದ್ರೆ ತುಂಬಿತು. ಆಗಸ್ಟ್ 10ರ ರಾತ್ರಿ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋಗಿ, ತುಂಬಿದ ನೀರು ಹೊಳೆಗೆ ಹರಿದದ್ದು ಬೇರೆಯೇ ಕತೆ. ಗಂಗಾವತಿ, ಸಿಂಧನೂರಿನ ಭತ್ತ ನಮ್ಮ ಮಳೆ ನೋಡುವುದಿಲ್ಲ, ಮಲೆನಾಡಿನ ಮಳೆ ನೋಡುತ್ತದೆ. ಅಣೆಕಟ್ಟೆ ಅಂದರೆ ಒಂದು ಸೀಮೆಯ ಮಳೆಯನ್ನು ಇನ್ನೊಂದು ಸೀಮೆಯ ಬೇರಿಗೆ ಕೊಡುವುದು ತಾನೇ.

ನಮ್ಮ ಗುಡ್ಡಕ್ಕೆ ಕಾಲುವೆ ಇಲ್ಲ. ಇಷ್ಟು ಮಳೆಗೆ ಹುಲ್ಲು ಸೊಂಟದ ತನಕ ಬರಬೇಕಿತ್ತು, ಬರಲಿಲ್ಲ. ನೆಗ್ಗಿಲು, ತುಂಬೆ ಬೇಕಾದಷ್ಟು. ವರ್ಷಗಟ್ಟಲೆ ಬದುಕುವ ಹುಲ್ಲಿನ ಬುಡ ಮಾತ್ರ ಅಲ್ಲಲ್ಲಿ ಬೋಳು. ಬರದಲ್ಲಿ ಸತ್ತ ಬುಡ, ಒಡೆಯದ ಮೊಗ್ಗು, ಕುರಿ ಬೇರು ಸಮೇತ ಕಿತ್ತದ್ದು. ಒಸ್ವಾಲ್ಡೊ ಸಾಲಾ ಮತ್ತು ಜೊತೆಗಾರರು ಇದನ್ನು ಹಿಂದಿನ ವರ್ಷದ ಬಾಕಿ ಅನ್ನುವ ಅರ್ಥದಲ್ಲಿ ವಿವರಿಸಿದ್ದಾರೆ. ಈ ವರ್ಷದ ಹುಲ್ಲನ್ನು ಈ ವರ್ಷದ ಮಳೆಯೊಂದೇ ತೀರ್ಮಾನಿಸುವುದಿಲ್ಲ. ಮಾವನಿಗೆ ಹೇಳಿದೆ. "ಬಾಕಿ ತೀರಬೇಕಲ್ಲವಾ" ಅಂದು ಗುಡ್ಡದ ಒಂದು ಮಗ್ಗುಲಿಗೆ ಆ ವರ್ಷ ಕುರಿ ಹತ್ತಿಸಲೇ ಇಲ್ಲ. ಉಳಿದ ಹಿಂಡನ್ನೂ ಬೀಗರ ಊರಿನ ಕಡೆ ಹೊಡೆದರು.

ಮೇಯಿಸಿದ್ದರಿಂದಲೇ ಗುಡ್ಡ ಹಾಳಾಯಿತು ಅಂತ ಕುರಿಗಾಹಿಗಳನ್ನು ದೂರುವವರು ಬಹಳ. ಕೀನ್ಯಾದ ತುರ್ಕಾನಾ ಜನರ ನಡುವೆ ಕೆಲಸ ಮಾಡಿದ ಎಲ್ಲಿಸ್ ಮತ್ತು ಸ್ವಿಫ್ಟ್ 1988ರಲ್ಲೇ ಬೇರೆ ಮಾತು ಹೇಳಿದ್ದರು. ಮಳೆಯ ಏರಿಳಿತ ಅಷ್ಟು ಜೋರಿರುವ ಕಡೆ ಹುಲ್ಲನ್ನು ಆಳುವುದು ಜಾನುವಾರಿನ ಸಂಖ್ಯೆಗಿಂತ ಮಳೆ, ಅಲೆದಾಟವೇ ಅಲ್ಲಿನ ಜನರ ಜಾಣ್ಮೆ. ನಮ್ಮಲ್ಲಿ ಅರ್ಧ ಸತ್ಯ ಅದು. ಅಲೆಯುವ ದಾರಿಯಲ್ಲಿ ಬೇಲಿ, ಲೇಔಟು, ಬಳ್ಳಾರಿ ಜಾಲಿ ಬಂದ ಮೇಲೆ ಇನ್ನರ್ಧವನ್ನೂ ಹೇಳಬೇಕಾಗುತ್ತದೆ.

ಆ ಜೋಳದ ಹೊಲದವರು 2024ರಲ್ಲಿ ಸಜ್ಜೆ ಬಿತ್ತಿದರು. ಕುರಿಗೆ ಹೆದರಿ ಅಲ್ಲ, ಸಜ್ಜೆ ಬೇಗ ಬರುತ್ತದೆ ಅಂತ. ತೆನೆ ಮುರಿದ ಮೇಲೆ "ಈಗೇನ್ ಹೆದರಿಕಿ ಇಲ್ಲ, ಬಿಡ್ರಿ" ಅಂತ ಕರೆದರು. ಹಿಂಡು ಬದುವಿನ ತನಕ ಬಂತು. ಹುಡುಗ ಮುಂದೆ ಹೋಗಿ ಕೂಳೆ ಕಿತ್ತು, ಎಲೆ ತಿರುವಿ ನೋಡಿ, ಮಾವನ ಕೈಗೆ ಕೊಟ್ಟ. ಮಾವ ಅದನ್ನು ಮೂಸಿ, ಸಜ್ಜೆ ಹೌದು ಅಂತ ತಲೆಯಾಡಿಸಿದರು. ಆದರೂ ಅವತ್ತು ಕುರಿಗಳನ್ನು ಹಳ್ಳದ ಕಡೆಗೇ ತಿರುಗಿಸಿದರು.